ಕಾಜಿನ ಖೋಲಿಯಾಗ ಅಕ್ಕನ ಶಾವಿಗಿ

ಈಗೂ ಕಬ್ಬಿನ ಒಣ ಎಲಿ, ರವದಿ, ಸುಟ್ಟ ವಾಸನಿ ಬಂತಂದ್ರ ನಂಗ ಬೋರಗಾಂವದ ಆ ಬಂಗ್ಲೆ ನೆನಪಾಗತೈತಿ ನೋಡ್ರಿ.

ಬಾಜೂ ಮನಿ ಆಯಿಯ ಮಾವ ವಿಲಾಯತ ನೋಡಿ ಬಂದು ಕಟ್ಟಿಸಿದ್ದ ಮನಿ ಅದು. ಚೂಪ ಚಾವಣಿ, ಮಗ್ಗಲಾಗ ಪೂರಾ ಕಾಜಿನ, ಅಂದ್ರ ಗಾಜಿನ, ಒಂದ ಖೋಲಿ. ಅಲ್ಲಿ ಥಂಡ್ಯಾಗ ಬಿಸಲ ಕಾಸಾಕ ಹಂಗ ಕಟ್ತಾರಂತ. ನಮ್ಮೂರ ಬಿಸಲಾಗ ಅದರಾಗ ಬೆಕ್ಕೂ ಕುಂಡ್ರತಿರಲಿಲ್ಲ. ಮಂದಿ 'ಹುರಿಯೂ ಖೋಲಿ' ಅಂತ ನಗತಿದ್ರು.

ಅವತ್ತ ಮಧ್ಯಾಹ್ನ ಅಕ್ಕನ ಲಗ್ನದ ಶಾವಿಗಿ ನಮ್ಮ ಅಂಗಳದಾಗ ಕೋಲಿನ ಮ್ಯಾಲ ಒಣಗಾಕತ್ತಿದ್ವು. ಆಚಿ ಹೊಲದಾಗ ಯಾರೋ ರವದಿಗೆ ಬೆಂಕಿ ಹಚ್ಚಿದ್ರು. ಕರಿ ಬೂದಿ ಹಾರಿ ಬರಾಕತ್ತಿತ್ತು.

"ಅಯ್ಯ, ಎಲ್ಲಾ ಹಾಳಾತು!" ಅಂತ ಅವ್ವ ಒದರಿದ್ಲು.

ಆಯಿ ಕೀಲಿ ಹಿಡಕೊಂಡ ಓಡಿ ಬಂದ್ಲು. "ಅಳಬ್ಯಾಡ ಬೇ, ಕೋಲ ಎತ್ತು. ನಮ್ಮ ಮಾವ ಖೋಲಿ ಕಟ್ಟಿಸಿದ್ದ ಇದಕ್ಕ ಅನ್ಕೋ!"

ಎಲ್ಲಾರೂ ಕೂಡಿ ಕೋಲ ಆ ಕಾಜಿನ ಖೋಲಿಯೊಳಗ ಹೊತ್ತೊಯ್ದ್ವಿ. ನಾ ಬಿಸಿ ಕಾಜಿಗೆ ಮೂಗ ಹಚ್ಚಿ ನಿಂತಿದ್ದೆ. ಹೊರಗ ಬೂದಿ ಜಾರತಿತ್ತು, ಒಳಗ ಶಾವಿಗಿ ಬೆಳ್ಳಗ ಗರಿಗರಿ ಆಗಾಕತ್ತಿದ್ವು. ಅವ್ವ ಆಯಿಯ ಕೈ ಹಿಡಕೊಂಡಾಕಿ ಬಿಡಲೇ ಇಲ್ಲ.

ಮರು ವರ್ಷ ನಮ್ಮನ್ಯಾಗ ಲಗ್ನ ಇರಲಿಲ್ಲ. ಆದ್ರೂ ಆಯಿ ಕಾಜ ಎಲ್ಲಾ ತಿಕ್ಕಿ ತೊಳದು, ನಮ್ಮ ಬಾಗಲಕ್ಕ ಬಂದು ಕೇಳಿದ್ಲು: "ಶಾವಿಗಿ ಯಾವಾಗ ಮಾಡ್ತಿ ಬೇ?"