ಸೂಯೆಜ್ ಕಾಲುವೆಯೂ ಜಯಾಳ ಮುಹೂರ್ತವೂ

ಗಂಗಾಧರಯ್ಯನವರು ಮೇಜು ಗುದ್ದಿದ ರಭಸಕ್ಕೆ ಕಾಫಿ ಲೋಟ ಉರುಳಿ, ಲಂಡನ್ನಿನಿಂದ ಬಂದಿದ್ದ ಕಾಗದ ತೊಯ್ದು ತೊಪ್ಪೆಯಾಯಿತು.

“ಸೆಪ್ಟೆಂಬರ್ ಹಡಗು ಬೇಡ! ಬೇಡ ಅಂದ್ರೆ ಬೇಡ!”

ಕಾಗದ ಬರೆದವನು ಭಾವೀ ಅಳಿಯ ಗೌರೀಶಂಕರ. ಅಲ್ಲಿ ಎಂಜಿನಿಯರಿಂಗ್ ಓದು ಮುಗಿಸಿದ್ದ. ಮಗಳು ಜಯಾಳ ಜೊತೆ ಅವನ ಮದುವೆ ಕಾರ್ತಿಕ ಮಾಸದ ಕೊನೆಗೆ ನಿಶ್ಚಯವಾಗಿತ್ತು. ಆ ಮುಹೂರ್ತ ತಪ್ಪಿದರೆ ಹುಡುಗಿಗೆ ಇನ್ನೊಂದು ವರ್ಷ ಗುರುಬಲವಿಲ್ಲವೆಂದು ಪುರೋಹಿತರು ಖಡಾಖಂಡಿತವಾಗಿ ಹೇಳಿದ್ದರು. ಸೆಪ್ಟೆಂಬರ್ ಕೊನೆಯ ಹಡಗಿನಲ್ಲಿ ಹೊರಡಲೋ, ಅಕ್ಟೋಬರ್ ಕೊನೆಯದರಲ್ಲೋ ಎಂದು ವರ ಕೇಳಿದ್ದ. ಪಾಪ, ಕೇಳಬಾರದವರನ್ನು ಕೇಳಿದ್ದ.

ಯಾಕೆಂದರೆ ಗಂಗಾಧರಯ್ಯನವರು ಸೂಯೆಜ್ ಕಾಲುವೆಯ ಮಹಾ ತಜ್ಞರು. ಮೊದಲನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯ ಜೊತೆ ಹೋಗಿ, ಹನ್ನೊಂದು ತಿಂಗಳು ಆ ಕಾಲುವೆಯ ದಂಡೆಯಲ್ಲಿದ್ದವರು. ಮಾಡಿದ್ದು ಕುದುರೆಗಳಿಗೆ ಹುರುಳಿ ಅಳೆಸುವ ಗುಮಾಸ್ತೆ ಕೆಲಸ. ನಲವತ್ತು ವರ್ಷದಲ್ಲಿ ಹುರುಳಿ ಮರೆತುಹೋಗಿ, ಜಯನಗರದ ಹೊಸ ಮನೆಯ ಜಗಲಿಯಲ್ಲಿ ಕೂತವರಿಗೆ ಬರೀ ಫಿರಂಗಿಗಳ ನೆನಪು ಉಳಿದಿತ್ತು.

ಅದು ೧೯೫೬. ಈಜಿಪ್ಟಿನವರು ಕಾಲುವೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡು ಎರಡು ತಿಂಗಳಾಗುತ್ತ ಬಂದಿತ್ತು.

“ಏನೂಂದ್ರೆ, ಹುಡುಗ ಬೇಗ ಬಂದುಬಿಟ್ರೆ ಒಳ್ಳೇದಲ್ವೆ?” ಎಂದರು ಹೆಂಡತಿ ಸೀತಾಲಕ್ಷ್ಮಿ, ಹುರುಳಿಕಾಯಿಯ ನಾರು ತೆಗೆಯುತ್ತ.

“ನಿನಗೇನು ಗೊತ್ತು? ಹಡಗು ನಡೆಸ್ತಿದ್ದ ದೊರೆಗಳೆಲ್ಲ ಕೆಲಸ ಬಿಟ್ಟು ಹೋದ್ರು. ಈಗ ಅಲ್ಲಿಯೋರು ಹಡಗನ್ನ ಮರಳಿಗೆ ಹತ್ತಿಸ್ತಾರೆ. ಇಂಗ್ಲಿಷರ ಸೈನ್ಯ ಬರಲಿ. ಮೂರೇ ದಿನ! ಕಾಲುವೆ ಸಾಫು!”

ಆಗಲೇ ಎದುರುಮನೆಯ ವೆಂಕಟಾಚಲ ಒಳಗೆ ಬಂದ. ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಎಷ್ಟು ಬೈಸಿಕೊಂಡರೂ ಸಂಜೆಯಾದರೆ ಪೇಪರು ಹಿಡಿದು ಹಾಜರಾಗುವ ವಿಚಿತ್ರ ಪ್ರಾಣಿ.

“ಸಾರ್, ನಿನ್ನೆ ಒಂದೇ ದಿನ ಮೂವತ್ತಕ್ಕೂ ಹೆಚ್ಚು ಹಡಗು ದಾಟಿವೆ. ಈಗ ಕಾಲುವೆ ಚೆನ್ನಾಗೇ ನಡೀತಿದೆ. ಸೈನ್ಯ ನುಗ್ಗಿದ್ರೇನೇ ಕಷ್ಟ. ನಾಲ್ಕು ಹಳೇ ಹಡಗು ಅಡ್ಡ ಮುಳುಗಿಸಿದ್ರೆ ಮುಗೀತು, ತಿಂಗಳುಗಟ್ಟಲೆ ಯಾರೂ ದಾಟೋ ಹಾಗಿಲ್ಲ. ಅವರು ಸೆಪ್ಟೆಂಬರಲ್ಲೇ ಹೊರಡಲಿ.”

“ಏಯ್ ಮೇಷ್ಟ್ರೇ! ನೀನು ಮ್ಯಾಪಿನಲ್ಲಿ ಕಂಡಿದೀಯ, ನಾನು ಕಣ್ಣಲ್ಲಿ ಕಂಡಿದೀನಿ! ಜಯಾ, ಬರಿ ತಂತಿ. ಅಕ್ಟೋಬರ್ ಕೊನೆ ಹಡಗು. ಸೈನ್ಯದ ಕಾವಲಿನಲ್ಲಿ ರಾಜನ ಹಾಗೆ ಬರಲಿ!”

ಜಯಾ ಬರೆದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಸೀತಾಲಕ್ಷ್ಮಿ ನಿಟ್ಟುಸಿರು ಬಿಟ್ಟು, ಮೇಷ್ಟ್ರಿಗೊಂದು ಲೋಟ ಕಾಫಿ ಕೊಟ್ಟು ಕಳಿಸಿದರು.

ಸೈನ್ಯ ಬಂತು. ಈಜಿಪ್ಟಿನ ಮೇಲೆ ಬಾಂಬು ಬಿದ್ದ ಸುದ್ದಿ ಕೇಳಿ ಗಂಗಾಧರಯ್ಯನವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಬಾಂಬು ಯಾರ ಮನೆಯ ಮೇಲೆ ಬಿತ್ತು, ಯಾರ ಮಕ್ಕಳು ಸತ್ತರು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಥೂ, ಹೊಳೆಯುವ ತಲೆಯಾಗಿದ್ದರೆ ತಾನೆ! ವಾರ ತುಂಬುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಈಜಿಪ್ಟಿನವರು ಕಾಲುವೆಯುದ್ದಕ್ಕೂ ಹಡಗುಗಳನ್ನು ಮುಳುಗಿಸಿಬಿಟ್ಟಿದ್ದರು. ಎರಡು ದೊಡ್ಡ ರಾಜ್ಯಗಳು ವಿಮಾನ, ಫಿರಂಗಿ, ಸಾವಿರಾರು ಸಿಪಾಯಿಗಳನ್ನು ಕಳಿಸಿ, ತೆರೆದಿದ್ದ ಕಾಲುವೆಯನ್ನು ಯಶಸ್ವಿಯಾಗಿ ಮುಚ್ಚಿಸಿದ್ದವು. ಎಂಥ ಪರಾಕ್ರಮ!

ಮಾರನೆಯ ದಿನ ಗೌರೀಶಂಕರನ ತಂತಿ ಬಂತು. ಹಡಗು ಆಫ್ರಿಕಾ ಸುತ್ತಿಕೊಂಡು ಬರುತ್ತಿದೆ, ಮುಂಬಯಿ ಮುಟ್ಟುವುದು ಡಿಸೆಂಬರ್ ನಡುವಿಗೆ. ಆ ಹೊತ್ತಿಗೆ ಕಾರ್ತಿಕವೂ ಇಲ್ಲ, ಗುರುಬಲವೂ ಇಲ್ಲ. ಇನ್ನೊಂದು ವರ್ಷ ನಾವು ಕಾಯುವುದಿಲ್ಲ ಎಂದು ವರನ ಅಣ್ಣ ತುಮಕೂರಿನಿಂದ ಬಂದು ಸಂಬಂಧ ಮುರಿದುಕೊಂಡು ಹೋದ.

ಲಗ್ನಪತ್ರಿಕೆ ಹಂಚಿಯಾಗಿತ್ತು. ಅಡಿಗೆಯವರು ಗೊತ್ತಾಗಿದ್ದರು. ಗಂಗಾಧರಯ್ಯನವರಿಗೆ ಮೊಟ್ಟಮೊದಲ ಬಾರಿಗೆ ಮೇಜು ಗುದ್ದಲು ಕೈ ಬರಲಿಲ್ಲ. ಮಗಳು ಎದುರು ಬಂದರೆ ಜಗಲಿಗೆ ಎದ್ದುಹೋಗುತ್ತಿದ್ದರು. ತನ್ನಿಂದಲೇ ಹೀಗಾಯಿತೆಂದು ಒಳಗೊಳಗೇ ಗೊತ್ತಿತ್ತು, ಆದರೆ ಬಾಯಲ್ಲಿ ಮಾತ್ರ, “ಇಂಗ್ಲಿಷರು ಸರಿಯಾಗಿ ಹೊಡೀಲಿಲ್ಲ” ಎಂದೇ ಗೊಣಗುತ್ತಿದ್ದರು.

“ಅದೇ ಮುಹೂರ್ತಕ್ಕೆ ಬೇರೆ ವರ ಸಿಕ್ಕಿದರೆ ಆಗಬಹುದು,” ಎಂದರು ಪುರೋಹಿತರು.

“ಯಾರು ಸಿಕ್ಕಿದ್ರೂ ಸರಿ,” ಎಂದು ಸೀತಾಲಕ್ಷ್ಮಿ ಕಣ್ಣೊರೆಸಿಕೊಂಡರು. “ಆ ಎದುರುಮನೆ ಮೇಷ್ಟ್ರು ಮಾತ್ರ ಬೇಡಪ್ಪ. ನಮ್ಮವರೇ ಆದರೇನು, ಸ್ಕೂಲ್ ಸಂಬಳದಲ್ಲಿ ಏನಿರುತ್ತೆ!”

ಗಂಗಾಧರಯ್ಯನವರ ಬೆನ್ನು ನೆಟ್ಟಗಾಯಿತು.

“ಯಾಕೆ ಬೇಡ? ಮೇಷ್ಟ್ರಾದ್ರೆ ಮನುಷ್ಯ ಅಲ್ವೇನೆ? ಕರೀರಿ ಅವನನ್ನ!”

ವೆಂಕಟಾಚಲ ಬಂದು ಕೈಮುಗಿದ. “ಬೇಡಿ ಸಾರ್. ಒಂದು ವರ್ಷ ಕಾಯೋದೇ ವಾಸಿ. ನಿಮ್ಮಂಥವರ ಮನೆಗೆ ನಾನು ತಕ್ಕ ಅಳಿಯ ಅಲ್ಲ.”

“ತಕ್ಕವನೋ ಅಲ್ವೋ ತೀರ್ಮಾನ ಮಾಡೋನು ನಾನು!” ಮೇಜು ಮತ್ತೆ ಸದ್ದು ಮಾಡಿತು. “ತೆಪ್ಪಗೆ ಹಸೆಮಣೆ ಮೇಲೆ ಕೂತ್ಕೋ!”

ಕಾರ್ತಿಕದ ಅದೇ ಮುಹೂರ್ತದಲ್ಲಿ ಧಾರೆಯಾಯಿತು. ಗಂಗಾಧರಯ್ಯನವರು ಮೀಸೆ ತಿರುವಿಕೊಂಡು, ಕಾಲುವೆ ಹೋದರೂ ಮೇಷ್ಟ್ರನ್ನು ಹೇಗೆ ಬಗ್ಗಿಸಿದೆನೆಂದು ಪಂಕ್ತಿ ಪಂಕ್ತಿಗೂ ಹೇಳುತ್ತ ಓಡಾಡಿದರು. ಅತ್ತ ಒಳಕೋಣೆಯಲ್ಲಿ ಮದುಮಕ್ಕಳು ಸೀತಾಲಕ್ಷ್ಮಿಯ ಕಾಲಿಗೆ ನಮಸ್ಕರಿಸಿದರು. ಜಯಾಳಿಗೆ ನಗು ತಡೆಯಲಾಗಲಿಲ್ಲ.

“ನಾನು ಕಳಿಸಿದಾಗಲೆಲ್ಲ ಬಂದು, ಅವರೆದುರು ಇದ್ದದ್ದು ಇದ್ದ ಹಾಗೆ ಹೇಳಿ, ಅವರನ್ನ ಹಟಕ್ಕೆ ಹತ್ತಿಸಿ ಬೈಸ್ಕೊಂಡೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ,” ಎಂದು ಆಕೆ ಅಳಿಯನ ತಲೆ ಸವರಿದರು. “ಇವಳು ನಿನ್ನ ಹೆಸರು ಹೇಳಿದ ದಿನವೇ, ಯುಗಾದಿಗೇ, ನಾನು ಜಾತಕ ಕೂಡಿಸಿಟ್ಟಿದ್ದೆ.”