ಅರವತ್ತನೆಯ ಲಕೋಟೆ

"ಒಳಗೆ ಏನೇ ಬರೆದಿರಲಿ ಡಾಕ್ಟ್ರೇ, ನೀವು 'ತೆಗೀಬೇಕು' ಅಂತಲೇ ಓದಿಬಿಡಿ" ಎಂದರು ವಸುಮತಮ್ಮ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಒಂದಿಷ್ಟೂ ದನಿ ತಗ್ಗಿಸದೆ. ತಗ್ಗಿಸುವ ಅಗತ್ಯವಾದರೂ ಏನಿತ್ತು? ಬೆಂಚುಗಳ ಮೇಲೆ ಕೂತವರೆಲ್ಲ ಬಲಿಯಾ, ಗಾಜೀಪುರದ ಕಡೆಯ ಹಿಂದಿಯವರು. ಕಾಶಿಯಲ್ಲಿ ನೆಲೆಸಿದ ಕನ್ನಡದವರಿಗೆಲ್ಲ ಇರುವ ಚಾಳಿ ಇದು. ತರಕಾರಿಯವನ ಎದುರಿಗೇ ಅವನ ತಕ್ಕಡಿಯನ್ನು ಬಯ್ಯುತ್ತಾರೆ, ರಿಕ್ಷಾದಲ್ಲಿ ಕೂತು ಮನೆಯ ಗುಟ್ಟನ್ನೆಲ್ಲ ಗಟ್ಟಿಯಾಗಿ ಬಿಚ್ಚುತ್ತಾರೆ.

ಡಾ. ಶ್ರೀವತ್ಸರ ಕೈಯಲ್ಲಿದ್ದದ್ದು ಬಾಯಿ ಅಂಟಿಸಿದ ಕಂದು ಲಕೋಟೆ. ಮೇಲೆ ಅರವತ್ತು ಎಂಬ ಅಂಕಿ. ಕ್ಯಾನ್ಸರ್ ಮೂತ್ರಕೋಶದ ಗೋಡೆಯೊಳಕ್ಕೆ ಇಳಿದಾಗ ಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕೂರಿಸುವುದು ಒಳ್ಳೆಯದೋ, ಗಡ್ಡೆಯನ್ನಷ್ಟೇ ಕೆರೆದು, ಔಷಧಿ, ವಿಕಿರಣ ಕೊಟ್ಟು ಕೋಶವನ್ನು ಉಳಿಸುವುದು ಒಳ್ಳೆಯದೋ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಅವರು ಏಳು ವರ್ಷ ಸವೆಸಿದ್ದರು. ಯಾರಿಗೆ ಯಾವುದು ಎಂದು ಡಾಕ್ಟರು ಆರಿಸುವ ಹಾಗಿಲ್ಲ. ಆರಿಸಿದರೆ ಮನಸ್ಸು ಒಂದು ಕಡೆ ವಾಲುತ್ತದೆ, ಅಧ್ಯಯನ ಕೆಡುತ್ತದೆ. ಒಪ್ಪಿ ಸಹಿ ಹಾಕಿದ ರೋಗಿಗೆ ಲಕೋಟೆಯೊಳಗಿನ ಚೀಟಿ ಹೇಳಿದ್ದೇ ದಾರಿ. ಅಂಥ ಅರವತ್ತು ಲಕೋಟೆಗಳಲ್ಲಿ ಇದು ಕೊನೆಯದು.

"ಅದೊಂದು ನನ್ನಿಂದಾಗದಮ್ಮ. ಒಂದು ಸುಳ್ಳು ಸೇರಿದರೆ ಉಳಿದ ಐವತ್ತೊಂಬತ್ತು ಜನರ ನಿಜವೂ ಹಾಳಾಗತ್ತೆ."

"ಐವತ್ತೊಂಬತ್ತು ಜನರ ಜತೆ ನಾನೇನು ಸಂಸಾರ ಮಾಡಿಲ್ಲವಲ್ಲ! ಆ ಪೀಡೆ ಬೇರುಸಹಿತ ಹೋದರೆ ನನಗೆ ನಿದ್ದೆ ಬರತ್ತೆ. ನಾನು ಹೇಳಿದರೆ ಇವರು ಕೇಳಲ್ಲ. ಚೀಟಿ ಹೇಳಿದರೆ ಕೇಳ್ತಾರೆ."

"ತೆಗೆದರೇ ಉಳೀತಾರೆ ಅಂತ ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಈ ಲಕೋಟೆಯೇ ಬೇಕಿರಲಿಲ್ಲ" ಎಂದು ಶ್ರೀವತ್ಸರು ಬಾಗಿಲು ತಳ್ಳಿದರು. ಇಲ್ಲ ಎನ್ನುವುದು ಸುಲಭವಾಗಿರಲಿಲ್ಲ. ಮೈಸೂರಿನಿಂದ ಬಂದ ಹೊಸತರಲ್ಲಿ, ಆಸ್ಪತ್ರೆ ಪಕ್ಕದ ಲಂಕಾ ಬಡಾವಣೆಯ ಒಂಟಿ ಕೋಣೆಯಲ್ಲಿದ್ದಾಗಿನಿಂದ, ಹಬ್ಬ ಹಬ್ಬಕ್ಕೂ ಈಕೆಯ ಕೈಯ ಸಾರು ಉಂಡವರು ಅವರು.

ಪ್ಲೈವುಡ್ಡಿನ ಗೋಡೆಯ ಆಚೆ, ಪರೀಕ್ಷೆಯ ಮಂಚದ ಅಂಚಿನಲ್ಲಿ ರಘುನಾಥ ಭಟ್ಟರು ಕಾಲು ಇಳಿಬಿಟ್ಟು ಕೂತಿದ್ದರು. ಹನುಮಾನ್ ಘಾಟಿನಲ್ಲಿ ಮೂವತ್ತೈದು ವರ್ಷ ಕನ್ನಡ ನಾಡಿನ ಯಾತ್ರಿಕರ ಕೈಯಲ್ಲಿ ಪಿಂಡ ಇಡಿಸಿದ ಪುರೋಹಿತರು. "ಹೊಟ್ಟೆ ಮೇಲೆ ಉಚ್ಚೆ ಚೀಲ ಕಟ್ಟಿಕೊಂಡು ಯಾವ ಮಡಿಯಲ್ಲಿ ಯಾರ ಶ್ರಾದ್ಧ ಮಾಡಿಸಲಿ?" ಎಂದು ಮೊದಲ ದಿನವೇ ಕೇಳಿದ್ದರು. ಲಕೋಟೆಯ ಪದ್ಧತಿ ಕೇಳಿದ ಮೇಲೆ ಮಾತ್ರ ಅವರ ಮುಖ ಅರಳಿತ್ತು. "ಓಹೋ, ನಮ್ಮ ಪ್ರಸಾದ ಕೇಳೋ ಹಾಗೆ ಅನ್ನಿ! ಎಲೆಯಲ್ಲಿ ಎರಡು ಪೊಟ್ಟಣ ಕಟ್ಟಿ ದೇವರ ಮುಂದಿಡೋದು. ಒಂದರಲ್ಲಿ ಬಿಳಿ ಹೂವು, ಒಂದರಲ್ಲಿ ಕೆಂಪು. ಬಿಳಿ ಬಂದರೆ ಆಗಬಹುದು ಅಂತ, ಕೆಂಪು ಬಂದರೆ ಬೇಡ ಅಂತ. ನಮ್ಮ ಮನೇಲಿ ಎಷ್ಟು ಮದುವೆ ಹೀಗೇ ಗೊತ್ತಾಗಿವೆ!" ಎಂದು ಪಟ್ಟನೆ ಸಹಿ ಹಾಕಿದ್ದರು.

ಶ್ರೀವತ್ಸರು ಲಕೋಟೆ ಹರಿದರು. ಚೀಟಿಯಲ್ಲಿ ಹಿಂದಿಯಲ್ಲಿ, ನಾಗರಿ ಅಕ್ಷರದಲ್ಲಿ ಬರೆದಿತ್ತು: ಉಳಿಸುವುದು. ಅವರಿಗೆ ಹೋದ ಜೀವ ಬಂದಂತಾಯಿತು. ಭಟ್ಟರು ಬಯಸಿದ್ದೇ ಬಂದಿದೆ, ಯಾರೂ ಸುಳ್ಳು ಹೇಳಬೇಕಾಗಿಲ್ಲ.

"ಇಲ್ಲಿ ಕೊಡಿ, ನಾನೇ ಓದ್ತೀನಿ" ಎಂದು ಭಟ್ಟರು ಕೈ ಚಾಚಿದರು. ಚೀಟಿಯನ್ನು ದೂರ ಹಿಡಿದು ನೋಡಿದರು. ಆಮೇಲೆ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಚೀಟಿಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು.

"ತೆಗೀಬೇಕಂತೆ ಕಣೇ."

ವಸುಮತಮ್ಮ ಕಾರಿಡಾರಿಗೆ ಹೋಗಿ ಗೋಡೆಗೆ ಒರಗಿ ಬಿಕ್ಕಿದರು.

"ಭಟ್ಟರೇ, ಅದರಲ್ಲಿ ಹಾಗಿಲ್ಲ" ಎಂದರು ಶ್ರೀವತ್ಸರು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ.

"ನಾಗರಿ ಓದೋಕೆ ನನಗೆ ಬರಲ್ವೇ?" ಭಟ್ಟರೂ ಪಿಸುದನಿಯಲ್ಲೇ ಕೇಳಿ, ಬೆರಳ ಗೆಣ್ಣಿನಿಂದ ಪ್ಲೈವುಡ್ಡನ್ನು ಟಕ್ ಟಕ್ ಎನ್ನಿಸಿದರು. "ಕನ್ನಡ ಯಾರಿಗೂ ತಿಳಿಯಲ್ಲ ಅಂದ್ಕೊಂಡಿದ್ದಾಳೆ ಪಾಪ. ಗೋಡೆ ಈಚೆ ಒಬ್ಬನಿದ್ದಾನೆ ಅನ್ನೋದು ಮರೆತೇ ಹೋಯ್ತು."

"ನಿಮಗೆ ಬೇಕಾದದ್ದೇ ಬಂದಿತ್ತಲ್ಲ!"

"ಬಂದಿತ್ತು. ಆದರೆ ದಿನಾ ಬೆಳಗ್ಗೆ ನಾನು ಬಚ್ಚಲಿಂದ ಹೊರಗೆ ಬಂದ ಕೂಡಲೇ ಅವಳು ನನ್ನ ಮುಖ ನೋಡ್ತಾಳೆ, ಇವತ್ತು ರಕ್ತ ಹೋಯ್ತೋ ಏನೋ ಅಂತ. ಎಷ್ಟು ವರ್ಷ ಹಾಗೆ ನೋಡಿಸಲಿ? ಪಿಂಡ ಇಡಿಸೋಕೆ ಘಾಟಲ್ಲಿ ಬೇರೆಯವರಿದ್ದಾರೆ. ನಾನು ಪಂಚಾಂಗ ನೋಡಿಕೊಂಡು ಕೂತಿರ್ತೀನಿ." ಭಟ್ಟರು ಚೀಟಿಯನ್ನು ಮೇಜಿನ ಮೇಲಿಟ್ಟರು. "ನಿಮ್ಮ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಬರ್ಕೊಳ್ಳಿ. ಸುಳ್ಳು ನನ್ನದು."

ಶ್ರೀವತ್ಸರು ರಿಜಿಸ್ಟರು ಬಿಡಿಸಿದರು. ಐವತ್ತೊಂಬತ್ತು ಸಾಲುಗಳೂ ಚೀಟಿ ಹೇಳಿದಂತೆಯೇ ನಡೆದಿದ್ದವು. ಅರವತ್ತನೆಯದರಲ್ಲಿ ಬರೆದರು: ಚೀಟಿ, ಉಳಿಸುವುದು. ರೋಗಿ ತಾನೇ ತೆಗೆಸುವುದನ್ನು ಆರಿಸಿದ್ದಾನೆ. ಏಳು ವರ್ಷದ ಅಚ್ಚುಕಟ್ಟು ಕೊನೆಯ ಸಾಲಿಗೆ ಬಂದು ಮುರಿದಿತ್ತು. ಬೇಸರವಾಯಿತು, ಸಿಟ್ಟು ಮಾತ್ರ ಬರಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ ಏನೋ ಹೊಳೆದು ಕೇಳಿದರು:

"ಭಟ್ಟರೇ, ಮನೇಲಿ ಪ್ರಸಾದಕ್ಕೆ ಪೊಟ್ಟಣ ಕಟ್ತಿದ್ದವರು ನೀವೇ ತಾನೇ?"

ಭಟ್ಟರು ಮಂಚದಿಂದ ಇಳಿದು ಶಲ್ಯ ಹೊದ್ದುಕೊಂಡರು.

"ಬಂದವರ ಮುಖ ನೋಡಿ ಕಟ್ತಿದ್ದೆ ಡಾಕ್ಟ್ರೇ. ಎಷ್ಟೋ ಸಲ ಎರಡರಲ್ಲೂ ಬಿಳಿ ಹೂವೇ."