ನೇರಳೆ ಚುಕ್ಕೆಯ ಹುಳ

ಬಾಂದ್ರಾದ ಬಂಡೆಗಳಲ್ಲಿ, ನೀರು ಇಳಿದಾಗ ಏಳುವ ಪಾಚಿ ವಾಸನೆಯ ನಡುವೆ ಇವತ್ತು ಅದೇ ಕಡಲಹುಳ ಕಂಡಿತು. ಫೋಟೋ ನೋಡಿ ಮೊಬೈಲು ಹೇಳಿದ ಹೆಸರಿನಲ್ಲಿ ನಮ್ಮ ಬಾಂಬೆಯೂ ಇದೆ.

ಇದನ್ನು ಮೊದಲ ಸಲ ನೋಡಿದಾಗ ನಾನು ಮೂರನೇ ಕ್ಲಾಸು. ಒಂದು ಸೋಮವಾರ ಮಧ್ಯಾಹ್ನ, ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಕೆಲಸದಲ್ಲಿರಬೇಕಾದ ಅಪ್ಪ ಶಾಲೆಯ ಗೇಟಿನಲ್ಲಿ ನಿಂತಿದ್ದರು. ನನ್ನನ್ನು ಇದೇ ಬಂಡೆಗಳಿಗೆ ಕರೆತಂದರು. ಗುಂಡಿಯ ನೀರಿನಲ್ಲಿ ಚಿಪ್ಪಿಲ್ಲದ ಬಸವನಹುಳುವಿನಂಥದ್ದೊಂದು ತೆವಳುತ್ತಿತ್ತು, ಲೋಳೆ ಮೈತುಂಬ ನೇರಳೆ ಚುಕ್ಕೆ.

"ಮುಟ್ಟಬೇಡ ಮಗಳೇ, ಬರೇ ನೋಡು," ಅಂದರು ಅಪ್ಪ. ಆಮೇಲೆ, "ನನ್ನ ಕೆಲಸ ಹೋದದ್ದು ಅಮ್ಮನಿಗೆ ಹೇಳ್ಬೇಡ, ಆಯ್ತಾ?"

ಹೇಳಲಿಲ್ಲ. ಆದರೆ ಶಾಲೆಯಲ್ಲಿ ಆ ಹುಳದ ಚಿತ್ರ ಬರೆದೆ. ಇಂಥ ಬಣ್ಣದ್ದು ಮುಂಬಯಿಯ ಗಲೀಜು ಸಮುದ್ರದಲ್ಲಿ ಎಲ್ಲಿದೆ, ಯಾವುದನ್ನು ನೋಡಿ ಕಾಪಿ ಹೊಡೆದೆ ಎಂದು ಟೀಚರ್ ಗದರಿದರು. ಸೋಮವಾರ ಅಪ್ಪನ ಜೊತೆ ನೋಡಿದೆ ಅಂದುಬಿಟ್ಟೆ. ಟೀಚರ್ ನಂಬದೆ ಮರುದಿನ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿದರು.

"ಸೋಮವಾರ ಇವರು ಡ್ಯೂಟಿಯಲ್ಲಿದ್ರಲ್ಲ ಟೀಚರ್," ಅಂದಳು ಅಮ್ಮ.

ಅಪ್ಪ ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇವಳಿಗೆ ಸುಳ್ಳು ಹೇಳುವ ಚಾಳಿ ಉಂಟು ಟೀಚರ್," ಅಂದರು.

ಅಮ್ಮನ ಏಟು ಬಿದ್ದಾಗ ತಲೆ ತಗ್ಗಿಸಿದೆ. ಅಪ್ಪನ ಚಪ್ಪಲಿಯ ಅಂಚಿಗೆ ಹಸಿ ಪಾಚಿ ಅಂಟಿತ್ತು. ನಾನು ಯಾರಿಗೂ ತೋರಿಸಲಿಲ್ಲ.